ಸೊಂಟ ಯಾರದು?

ರಾಯಚೂರಿನಿಂದ ದೇವದುರ್ಗದ ತವರಿಗೆ ಹೋಗಿಬಂದರೆ ಸೊಂಟ ಹಿಡಿಯುತ್ತಿತ್ತು. ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿತ್ತು.

‘ಕಾಯಿಲ್‌ಓವರ್ ಹಾಕ್ಸೋಣವ್ವಾ, ಗಾಡಿ ತಗ್ಗಾಗಿ ಚೆಂದ ಕಾಣ್ತದ’ ಎಂದ ಮಗ.

ಚೆಂದ ಯಾರಿಗೆ? ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಅದರ ಕುಣಿತ ತಡೆಯುತ್ತದೆ. ಕಾಯಿಲ್‌ಓವರಿನಲ್ಲಿ ಎರಡೂ ಸೇರಿದ ಕಟ್ಟು. ತಿರುಪು ತಿರುಗಿಸಿ ಗಾಡಿಯ ಎತ್ತರ ಬದಲಿಸಬಹುದು. ರೇಸಿನವರಿಗೆ ಅದು ಸರಿ. ಮಾನ್ವಿ, ದೇವದುರ್ಗದ ಕಡೆಯದು ಎರೆಭೂಮಿ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಆ ಮಣ್ಣು ಮೇಲಿನ ರಸ್ತೆಯನ್ನೂ ಏರುಪೇರು ಮಾಡುತ್ತದೆ. ಅಲ್ಲಿ ತಗ್ಗಿಸಿದ ಗಾಡಿಯ ಹೊಟ್ಟೆ ಉಜ್ಜುತ್ತದೆ. ತಿರುಪಿಗೆ ಮಣ್ಣು ಕಚ್ಚುತ್ತದೆ.

ಹಟ ಹಿಡಿದು ಕಂಪನಿ ಅಳತೆಯ ಶಾಕ್, ಸ್ಪ್ರಿಂಗುಗಳನ್ನೇ ಜೋಡಿಜೋಡಿಯಾಗಿ ಹಾಕಿಸಿದೆ.

ಅಕ್ಕಂದಿರೇ, ಗಾಡಿಯ ಮಾತು ಗಂಡಸರದೆಂದು ಸುಮ್ಮನಿರಬೇಡಿ. ಹಿಂದಿನ ಸೀಟಿನ ಸೊಂಟ ನಮ್ಮದು, ತೀರ್ಮಾನವೂ ನಮ್ಮದಾಗಲಿ.