ಹಳೇ ಕಾಂಕ್ರೀಟ್ ಬೇರೆ, ಡೆಬ್ರಿಸ್ ಬೇರೆ

ನಮ್ಮ ಕಡೆ ಈಗ ಎರಡು ಮಾತು ಓಡಾಡ್ತಿವೆ. ಒಂದು, "ಒಡೆದ ಕಟ್ಟಡದ ಕಾಂಕ್ರೀಟು ರಸ್ತೆಗೆ ಬರಲ್ಲ, ಎರಡು ಮಳೆಗೆ ಕಿತ್ತು ಹೋಗುತ್ತೆ." ಇನ್ನೊಂದು, "ಪುಕ್ಕಟೆ ಬರ್ತಾ ಇದೆ, ಟಿಪ್ಪರ್ ಬಿಡಿ, ಹೊಲದ ದಾರಿ ಆಗುತ್ತೆ." ಎರಡೂ ತಪ್ಪು.

ಮೊದಲನೇದಕ್ಕೆ ಉತ್ತರ. ಕಾಂಕ್ರೀಟನ್ನು ಕ್ರಷರಿಗೆ ಹಾಕಿ, ಕಬ್ಬಿಣ ತೆಗೆದು, ಜರಡಿ ಹಿಡಿದು ಅಳತೆ ಪ್ರಕಾರ ಬೆರೆಸಿದರೆ ಡಾಂಬರಿನ ಅಡಿಪದರಕ್ಕೆ ಒಳ್ಳೇ ಜಲ್ಲಿ. ಹಳೇ ಸಿಮೆಂಟಿನಲ್ಲಿ ಕೆಲಸ ಮಾಡದೆ ಉಳಿದ ಅಂಶ ನೀರು ಕುಡಿದು ಮತ್ತೆ ಅಂಟಿಕೊಳ್ಳುತ್ತೆ. ಹಾಗಾಗಿ ಸರಿಯಾಗಿ ರೋಲರ್ ಹೊಡೆದ ಪದರ ವರ್ಷ ಕಳೆದ ಹಾಗೆ ಸಡಿಲ ಆಗೋ ಬದಲು ಗಟ್ಟಿ ಆಗಬಹುದು. ಇದು ಯಾರೋ ಹೇಳಿದ ಕಥೆ ಅಲ್ಲ. 2016ರ ಐಎಸ್ 383 ಇಂಥ ಜಲ್ಲಿಗೆ ಜಾಗ ಕೊಟ್ಟಿದೆ. ರಸ್ತೆಗೆ ಅಂತಲೇ 2017ರಲ್ಲಿ ಐಆರ್‌ಸಿ 121 ಬಂದಿದೆ. ಚಿಕ್ಕಜಾಲದಲ್ಲಿ ಪುಡಿ ಮಾಡೋ ಘಟಕವೂ ಇದೆ. ಆದರೂ ಗುಡ್ಡಕ್ಕೆ ಸಿಡಿಮದ್ದು ಇಟ್ಟು, ನಮ್ಮ ರಾಗಿ ಪೈರಿನ ಮೇಲೆ ಧೂಳು ಕೂರಿಸಿ ಹೊಸ ಜಲ್ಲಿನೇ ಬೇಕು ಅಂತಾರಲ್ಲ, ಯಾಕೆ?

ಅದರ ಗುಣದೋಷವೂ ತಿಳಿದಿರಲಿ. ಗ್ರಾನೈಟ್ ಜಲ್ಲಿ ಸಾಮಾನ್ಯವಾಗಿ ತನ್ನ ತೂಕದ ಶೇ. 1ರಷ್ಟೂ ನೀರು ಕುಡಿಯಲ್ಲ. ಇದು ಶೇ. 3ರಿಂದ 8ರವರೆಗೆ ಕುಡಿಯುತ್ತೆ, ಯಾಕಂದ್ರೆ ಮೈಗೆ ಹಳೇ ಗಾರೆ ಅಂಟಿರುತ್ತೆ. ರೋಲರ್ ಹೊಡೆಯುವಾಗ ನೀರು ಹೆಚ್ಚು ಬೇಕು. ಸವೆತವೂ ಹೆಚ್ಚು, ಆದ್ದರಿಂದ ಅಡಿಯಲ್ಲಿರಬೇಕು, ಚಕ್ರ ಉಜ್ಜೋ ಮೇಲ್ಪದರದಲ್ಲಲ್ಲ. ಇದರಿಂದ ಬಸಿಯೋ ನೀರಲ್ಲಿ ಸುಣ್ಣ ಇರುತ್ತೆ. ಬೋರ್ ನೀರಿಗೆ ಡ್ರಿಪ್ ತೂತು ಕಟ್ಟಿಕೊಳ್ಳುತ್ತಲ್ಲ, ಹಾಗೇ ಅಮೆರಿಕದ ಮಿನ್ನೆಸೋಟದಲ್ಲಿ ರಸ್ತೆ ಅಡಿಯ ಬಸಿ ಪೈಪುಗಳಿಗೆ ಸುಣ್ಣ ಕಟ್ಟಿದ್ದು ಕಂಡಿದಾರೆ. ಅದಕ್ಕೇ ಬಸಿಗಾಲುವೆ ಒಳಗೆ, ಬಾವಿ ಪಕ್ಕ ಇದನ್ನ ಹಾಕಬಾರದು.

ಈಗ ಎರಡನೇ ಮಾತು. ರಾತ್ರಿ ಟಿಪ್ಪರಲ್ಲಿ ಬಂದು ಸುರಿಯೋದು ಕಾಂಕ್ರೀಟ್ ಜಲ್ಲಿ ಅಲ್ಲ. ಇಟ್ಟಿಗೆ, ಟೈಲ್ಸು, ಮರ, ಪ್ಲಾಸ್ಟಿಕ್ಕು, ಫಾಲ್ಸ್ ಸೀಲಿಂಗಿನ ಜಿಪ್ಸಂ ಎಲ್ಲ ಸೇರಿದ ಡೆಬ್ರಿಸ್. ಮರ ಕೊಳೆತ ಕಡೆ ಗುಂಡಿ, ಮೆತ್ತನೆ ಇಟ್ಟಿಗೆ ಇದ್ದ ಕಡೆ ಟ್ರ್ಯಾಕ್ಟರ್ ಚಕ್ರದ ಜಾಡು, ಮೊಳೆ ಇದ್ದ ಕಡೆ ಪಂಚರ್. ಜಿಪ್ಸಮ್ಮು ಸಿಮೆಂಟಿನ ಜೊತೆ ನೀರು ಕುಡಿದ್ರೆ ಪದರವನ್ನೇ ಉಬ್ಬಿಸಬಹುದು. ಅದು ರಸ್ತೆ ಅಲ್ಲ, ಸಿಟಿಯವರ ಕಸಕ್ಕೆ ನಮ್ಮೂರು ಕೊಟ್ಟ ಜಾಗ. ಕೆರೆ ಅಂಗಳಕ್ಕೆ ಸುರಿದರಂತೂ ಕೇಳೋದೇ ಬೇಡ. ಈ ಕಸದ ರಸ್ತೆ ಕಿತ್ತು ಹೋದಾಗ ಹೆಸರು ಕೆಡೋದು ಒಳ್ಳೇ ಜಲ್ಲಿದು, ಲಾಭ ಕ್ವಾರಿದು.

ಅದಕ್ಕೆ ಮುಂದಿನ ಗ್ರಾಮಸಭೇಲಿ ಸುಮ್ಮನೆ ಕೂರಬೇಡಿ. ಮಾಲು ಯಾವ ಘಟಕದಿಂದ ಬಂತು, ಜರಡಿ ಪರೀಕ್ಷೆ ಆಗಿದೆಯಾ, ಸಿಬಿಆರ್ ಎಷ್ಟು, ಎಷ್ಟು ಇಂಚಿಗೊಮ್ಮೆ ನೀರು ಹಾಕಿ ರೋಲರ್ ಹೊಡೀತೀರಿ, ಬರೆದು ಕೊಡಿ ಅಂತ ಕೇಳಿ. ಕಾಗದ ಇದ್ದರೆ ಬರಲಿ, ಸ್ವಾಗತ. ಇಲ್ಲದ ಟಿಪ್ಪರನ್ನ ಊರ ಬಾಗಿಲಿಂದಲೇ ವಾಪಸ್ ಕಳಿಸಿ.