ಪಥಸಂಚಲನ ಮುಗಿದ ಮೇಲಿನ ತರಬೇತಿ

2025ರ ಜುಲೈಯಲ್ಲಿ ರಾಜ್ಯ ಸರಕಾರ ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ಕೊಟ್ಟಿತು. ಬೀಟ್ ಕಾನ್‌ಸ್ಟೆಬಲ್ ತನ್ನ ವ್ಯಾಪ್ತಿಯ ಮನೆಗಳಿಗೆ ತಾನೇ ಹೋಗಿ ಜನರ ಅಹವಾಲು ಕೇಳಬೇಕು. ಯೋಜನೆಯಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಹಿರಿಯಡ್ಕ ಠಾಣೆಯ ಸರಹದ್ದಿನ ಪೆರ್ಡೂರಿನ ಯಾವುದೋ ಒಳದಾರಿಯ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಕಷ್ಟ ಹೇಳಿಕೊಳ್ಳುವುದು ತುಳುವಿನಲ್ಲಿ. ಬಾಗಿಲಲ್ಲಿ ನಿಂತ ಹುಡುಗ ಬಾಗಲಕೋಟೆಯವನೋ ಗದಗದವನೋ ಆಗಿರುವುದು ನಮ್ಮ ಉಡುಪಿ ಜಿಲ್ಲೆಯಲ್ಲಿ ಹೊಸತಲ್ಲ. ಅವನು ತರಬೇತಿ ಪಡೆದದ್ದು ಚನ್ನಪಟ್ಟಣದಲ್ಲೋ ಖಾನಾಪುರದಲ್ಲೋ ಕಲಬುರಗಿಯ ನಾಗನಹಳ್ಳಿಯಲ್ಲೋ, ಅಂತೂ ಘಟ್ಟದ ಮೇಲೆ. ಅಲ್ಲಿ ಅವನಿಗೆ ಕವಾಯತು, ಬಂದೂಕು, ಕಾನೂನಿನ ಕಲಮುಗಳು ಸಿಕ್ಕಿವೆ. ಈ ಮನೆಯ ಜಗಲಿಯಲ್ಲಿ ಕೂತು ಮಾತಾಡಿಸುವ ವಿದ್ಯೆ ಸಿಕ್ಕಿಲ್ಲ. ಅದು ಸಿಗಬೇಕಾದ ಜಾಗ ಠಾಣೆ. ಠಾಣೆಯಲ್ಲಿ ಕಳೆಯುವ ಮೊದಲ ತಿಂಗಳುಗಳನ್ನು ನೌಕರಿ ಎಂದು ಲೆಕ್ಕ ಹಾಕುವ ಬದಲು ತರಬೇತಿಯ ಎರಡನೇ ಅರ್ಧ ಎಂದೇ ಇಲಾಖೆ ಪರಿಗಣಿಸಬೇಕು ಎಂಬುದು ನನ್ನ ವಾದ.

ಪೊಲೀಸ್ ತರಬೇತಿ ಶಾಲೆಯಲ್ಲಿ ಕಲಿಸುವುದೇ ಸರಿಯಿಲ್ಲ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಆರೋಪಿಯನ್ನು ಬಂಧಿಸುವಾಗ ಏನೇನು ಮಾಡಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಪಟ್ಟಿ ಮಾಡಿ ಕೊಟ್ಟಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡಕಂಡವರನ್ನು ಬಂಧಿಸಬೇಡಿ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಶೋಧ, ಜಪ್ತಿಗಳನ್ನು ವಿಡಿಯೊ ಮಾಡಲೇಬೇಕು ಎನ್ನುತ್ತದೆ. ಪ್ರಶಿಕ್ಷಣಾರ್ಥಿಗಳು ಇವನ್ನೆಲ್ಲ ಓದುತ್ತಾರೆ, ಪರೀಕ್ಷೆಯನ್ನೂ ಬರೆಯುತ್ತಾರೆ. ಆಮೇಲೆ ಠಾಣೆಗೆ ಬಂದರೆ, ಅಲ್ಲಿನ ರೈಟರ್, ದಫೇದಾರ್, ಸಾಹೇಬರು ನಡೆಸಿಕೊಂಡು ಬಂದ ರೂಢಿಯೇ ನಿಜವಾದ ಪಠ್ಯ. ದೂರು ತಂದವನನ್ನು ಹೊತ್ತು ಮುಳುಗುವ ತನಕ ಬೆಂಚಿನ ಮೇಲೆ ಕೂರಿಸುವುದು, ಎಫ್‌ಐಆರ್ ಬದಲು ಹಿಂಬರಹ ಕೊಟ್ಟು ಸಾಗಹಾಕುವುದು ಯಾವ ಶಾಲೆಯಲ್ಲೂ ಪಾಠವಲ್ಲ. ಆದರೂ ಹೊಸಬರು ಅದನ್ನು ಬೇಗ ಕಲಿಯುತ್ತಾರೆ, ಏಕೆಂದರೆ ಎದುರಿಗೇ ದಿನವೂ ನಡೆಯುತ್ತದೆ.

ಇದರ ಗಂಭೀರ ರೂಪ ನಮ್ಮ ಊರಿಗೆ ಗೊತ್ತು. 2018ರ ಮೇ 30ರಂದು ಪೆರ್ಡೂರಿನಲ್ಲಿ ಜಾನುವಾರು ವ್ಯಾಪಾರಿಯೊಬ್ಬರು ಸತ್ತ ಪ್ರಕರಣದಲ್ಲಿ, ಗುಂಪಿನೊಂದಿಗೆ ಕೈಜೋಡಿಸಿದ ಆರೋಪದ ಮೇಲೆ ಹಿರಿಯಡ್ಕ ಠಾಣೆಯ ಪಿಎಸ್‌ಐ ಸಹಿತ ಪೊಲೀಸರೇ ಬಂಧಿತರಾದರು. 2024ರ ನವೆಂಬರಿನಲ್ಲಿ ಪಕ್ಕದ ಬ್ರಹ್ಮಾವರ ಠಾಣೆಯಲ್ಲಿ ಕೇರಳದ ವ್ಯಕ್ತಿಯೊಬ್ಬರು ವಶದಲ್ಲಿದ್ದಾಗಲೇ ಮೃತಪಟ್ಟರು, ಠಾಣಾಧಿಕಾರಿ ಅಮಾನತುಗೊಂಡರು. ಯಾರು ತಪ್ಪಿತಸ್ಥರು ಎಂಬುದು ನ್ಯಾಯಾಲಯದ ವಿಚಾರ. ಇಲ್ಲಿ ತರಬೇತಿಗೇನು ಸಂಬಂಧ, ಇದು ಗುಣದ, ರಾಜಕೀಯ ಒತ್ತಡದ ಪ್ರಶ್ನೆ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಉಳಿದರ್ಧ ಹೀಗಿದೆ: ಅಂಥ ರಾತ್ರಿ ಜೀಪಿನ ಹಿಂದಿನ ಸೀಟಿನಲ್ಲಿ ಒಬ್ಬ ಹೊಸ ಕಾನ್‌ಸ್ಟೆಬಲ್ ಇದ್ದರೆ ಅವನು ಏನು ಮಾಡಬೇಕು? ಮೇಲಿನವರ ಮಾತು ಕಾನೂನಿಗೆ ಹೊರತಾಗಿದೆ ಅನ್ನಿಸಿದರೆ ಯಾರಿಗೆ ಫೋನು ಮಾಡಬೇಕು, ಠಾಣಾ ದಿನಚರಿಯಲ್ಲಿ ಏನು ಬರೆಯಬೇಕು, ಪೆಟ್ಟು ತಿಂದವನನ್ನು ಠಾಣೆಗೆ ಮೊದಲೋ ಆಸ್ಪತ್ರೆಗೆ ಮೊದಲೋ? ಕವಾಯತಿನಂತೆ ಇದನ್ನೂ ಮತ್ತೆ ಮತ್ತೆ ಅಭ್ಯಾಸ ಮಾಡಿಸಬಹುದು, ಮಾಡಿಸಲೇಬೇಕು. ಅದು ಮೈಗೂಡುವುದು ನಿಜವಾದ ಠಾಣೆಯಲ್ಲಿ, ಮೇಲುಸ್ತುವಾರಿ ನೋಡುವವರು ಇದ್ದಾಗ ಮಾತ್ರ.

ನಾರ್ವೆಯಲ್ಲಿ ಪೊಲೀಸ್ ಆಗಲು ಮೂರು ವರ್ಷದ ಪದವಿ ಓದಬೇಕು. ಅದರ ನಡುವಿನ ವರ್ಷವಿಡೀ ಠಾಣೆಗಳಲ್ಲೇ ಕಲಿಕೆ, ಬಳಿಕ ಮತ್ತೆ ತರಗತಿಗೆ. ನಮಗೆ ಮೂರು ವರ್ಷ ಕೈಗೆಟುಕದು, ಕೇಳುವುದೂ ಬೇಡ. ಆದರೆ ಠಾಣೆಗೆ ಹೋಗಿ, ಕಂಡದ್ದನ್ನು ಹೊತ್ತು ಶಾಲೆಗೆ ವಾಪಸು ಬರುವ ಕ್ರಮವನ್ನು ತೆಗೆದುಕೊಳ್ಳಬಹುದು. ಮನೋಭಾವ, ಸಮಾಜದ ಅರಿವು ತರಬೇತಿಯ ಭಾಗವಾಗಬೇಕೆಂದು ಎಂ.ಎಸ್. ಗೋರೆ ಸಮಿತಿ 1973ರ ವರದಿಯಲ್ಲೇ ಹೇಳಿತ್ತು.

ಸಮಾಜದ ಅರಿವು ಎಂದರೆ ಉಪನ್ಯಾಸವಲ್ಲ. ಹಿರಿಯಡ್ಕದ ವೀರಭದ್ರ ದೇವಸ್ಥಾನದಲ್ಲಿ ಸಿರಿ ಜಾತ್ರೆಯ ರಾತ್ರಿ ಆವೇಶಗೊಂಡ ಹೆಂಗಸರು ಸಾಲಾಗಿ ನಿಂತು ಹಿಂಗಾರ ಹಿಡಿದು ನಡುಗುವುದನ್ನು ಮೊದಲ ಸಲ ಕಾಣುವ ಬಂದೋಬಸ್ತ್ ಪೊಲೀಸನಿಗೆ, ಅವರ ಜತೆ ಮಾತಾಡಲು ಕುಮಾರ ಎಂಬ ಪಾತ್ರಿ ಇದ್ದಾನೆ, ಮನೆಯವರಿದ್ದಾರೆ, ತಾನು ನೋಡಬೇಕಾದದ್ದು ಜನಸಂದಣಿಯನ್ನೂ ಅದರೊಳಗೆ ಕೈಚಳಕ ತೋರುವವರನ್ನೂ ಎಂದು ಯಾರಾದರೂ ಮೊದಲೇ ಹೇಳಿರಬೇಕು. ಮಣಿಪಾಲದ ಠಾಣೆಗೆ ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳ ಸಮಸ್ಯೆ, ಕಾಪುವಿಗೆ ಕಡಲೂ ಹೆದ್ದಾರಿಯೂ. ಪಠ್ಯ ಒಂದೇ ಆದರೂ ಅಭ್ಯಾಸದ ನೆಲ ಬೇರೆ ಬೇರೆ.

ಇಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ, ತುಳು ಯಾಕೆ ಎಂಬ ಆಕ್ಷೇಪ ಬರುತ್ತದೆ. ಅಂಗಡಿಯ ವ್ಯವಹಾರಕ್ಕೆ ಕನ್ನಡ ಸಾಕು. ಗಂಡ ಹೊಡೆದದ್ದನ್ನು ಹೇಳುವಾಗ ಹೆಂಗಸಿಗೆ ಮನೆಮಾತೇ ಬೇಕಾಗುತ್ತದೆ. ಜತೆಗೆ, ಬಯಲುಸೀಮೆಯ ಹುಡುಗ ಸಹಜವಾಗಿ ಆಡಿದ ಮಾತು ನಮ್ಮ ಕಿವಿಗೆ ಗದರಿದಂತೆ ಕೇಳುತ್ತದೆ, ನಮ್ಮ ಗ್ರಾಂಥಿಕ ಕನ್ನಡ ಅವನಿಗೆ ಹೊರಗಿನವನೆಂದು ದೂರವಿಟ್ಟಂತೆ. ವರ್ಗವಾಗಿ ಹೋಗುವವನಿಗೆ ಕಲಿಸಿ ಏನು ಫಲ ಎಂದರೆ, ಸಿವಿಲ್ ಕಾನ್‌ಸ್ಟೆಬಲ್‌ಗಳ ನೇಮಕ ಜಿಲ್ಲಾ ಘಟಕವಾರು ನಡೆಯುವಂಥದ್ದು. ಅರ್ಜಿ ಹಾಕುವಾಗಲೇ ಘಟಕ ಗೊತ್ತು, ಅಂತರಜಿಲ್ಲಾ ವರ್ಗಾವಣೆ ಸಿಗದ ಕೊರಗೇ ಅವರಲ್ಲಿ ದೊಡ್ಡದು. ಉಡುಪಿಗೆ ಬರುವವನು ಶಾಲೆಗೆ ಸೇರುವ ದಿನವೇ ಉಡುಪಿಯವನು.

ಇನ್ನುಳಿದದ್ದು ಸಿಬ್ಬಂದಿ ಕೊರತೆಯ ಮಾತು. ಇರುವವರೇ ಬಂದೋಬಸ್ತಿಗೆ ಸಾಲದಾಗ ಹೊಸಬರನ್ನು ಕಲಿಕೆಗೆ ಬಿಡುವುದು ಹೇಗೆ? ಕಲಿಯುವವನು ಕೆಲಸವನ್ನೂ ಮಾಡುತ್ತಿರುತ್ತಾನೆ, ಬೀಟಿಗೂ ಹೋಗುತ್ತಾನೆ. ಬೇಕಾದದ್ದು ಪ್ರತಿ ಠಾಣೆಯಲ್ಲಿ ಹೆಸರಿಸಿ ನೇಮಿಸಿದ, ಅದಕ್ಕೆಂದೇ ತರಬೇತಿ ಪಡೆದ ಒಬ್ಬ ಹಿರಿಯ ಎಎಸ್‌ಐ ಅಥವಾ ದಫೇದಾರ್. ವಾರಕ್ಕೊಮ್ಮೆ ಅವರು ಹೊಸಬನ ಬೀಟ್ ಪುಸ್ತಕ, ದಾಖಲಿಸಿದ ದೂರು, ಬರೆದ ಮಹಜರು ನೋಡಬೇಕು. ಅಂಕ ಕೊಡುವುದು ಶಾಲೆ, ಠಾಣೆಯಲ್ಲ. ಆ ಅಂಕವಿಲ್ಲದೆ ಪ್ರೊಬೇಷನ್ ಮುಗಿಯಬಾರದು. ಇದಕ್ಕೆ ಶಾಸನ ತಿದ್ದಬೇಕಿಲ್ಲ. ಇಲಾಖೆ ಬದಲಾಗುವುದಿಲ್ಲ ಎನ್ನುವವರು, ದಶಕಗಳ ಹಳೆಯ ಸ್ಲೋಚ್ ಹ್ಯಾಟ್ ತೆಗೆದು 2025ರಲ್ಲಿ ಕಾನ್‌ಸ್ಟೆಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಕೊಟ್ಟದ್ದನ್ನು ನೋಡಿದ್ದಾರೆ. ಮುಂದಿನ ತಂಡದ ಉಡುಪಿ ಘಟಕದವರಲ್ಲಿ ಇದನ್ನು ಪ್ರಯೋಗಿಸಿ, ವರ್ಷದ ಕೊನೆಗೆ ಹಿರಿಯಡ್ಕ, ಕಾಪು, ಕಾರ್ಕಳ ಠಾಣೆಗಳಿಗೆ ದೂರು ತಂದವರನ್ನೇ ಕೇಳಿ ನೋಡಬಹುದು.