ಮದ್ದಿನ ಕಣವೂ ನ್ಯಾಯದ ತಕ್ಕಡಿಯೂ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೆ ಮಿಗಿಲಾದ ಶಿಕ್ಷೆಗೆ ಗುರಿಯಾಗುವ ಅಪರಾಧಗಳು ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸಿದೆ. ಇದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯನ್ನೂ ಕೊಟ್ಟಿದೆ. ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಸಾಕ್ಷ್ಯವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಕ ನಮ್ಮಲ್ಲಿಲ್ಲದಿದ್ದರೆ ಈ ಶಾಸನದಿಂದ ನ್ಯಾಯಕ್ಕೆ ಆಗುವ ಲಾಭ ಅಷ್ಟಕ್ಕಷ್ಟೆ. ಗುಂಡೇಟಿನ ಪರೀಕ್ಷೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

ಕೋವಿಯ ಬಾಯಿಂದ ಗುಂಡೊಂದೇ ಹೊರಡುವುದಿಲ್ಲ. ಅದರ ಬೆನ್ನಿಗೆ ಉರಿ, ಹೊಗೆ, ಮಸಿ, ಅರೆಬೆಂದ ಮದ್ದಿನ ಕಾಳು ಇವೆಲ್ಲ ನುಗ್ಗಿ ಬರುತ್ತವೆ. ಇವುಗಳಲ್ಲಿ ಒಂದೊಂದರ ಓಟಕ್ಕೂ ಒಂದೊಂದು ಮೇರೆಯುಂಟು. ನಳಿಗೆಯನ್ನು ತಲೆಗೆ ಒತ್ತಿ ಹೊಡೆದರೆ ಅನಿಲವು ಚರ್ಮದೊಳಗೇ ಹೊಕ್ಕು ಗಾಯವನ್ನು ನಕ್ಷತ್ರಾಕಾರವಾಗಿ ಸೀಳಬಹುದು. ಪಿಸ್ತೂಲಿನ ಮಸಿ ಸುಮಾರು ಒಂದು ಅಡಿಯೊಳಗೆ ನಿಲ್ಲುತ್ತದೆ. ಮದ್ದಿನ ಕಾಳುಗಳು ಚುಚ್ಚಿದ ಹಚ್ಚೆಯಂಥ ಚುಕ್ಕೆಗಳು ಎರಡು ಮೂರು ಅಡಿಗಳವರೆಗೆ ಕಾಣಬಹುದು. ಅದರಾಚೆ ಉಳಿಯುವುದು ಬರಿಯ ರಂಧ್ರ. ಈ ಅಂಕಿಗಳಾದರೂ ಸ್ಥೂಲವಾದವು. ನಳಿಗೆಯ ಉದ್ದ, ಮದ್ದಿನ ಬಗೆ, ನಡುವೆ ಬಂದ ಬಟ್ಟೆ ಇವು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದಕಾರಣ ಜವಾಬ್ದಾರಿಯರಿತ ತಜ್ಞನು ಅದೇ ಆಯುಧದಿಂದ, ಅದೇ ಬಗೆಯ ತೋಟಾಗಳಿಂದ, ಬೇರೆ ಬೇರೆ ದೂರದಲ್ಲಿಟ್ಟ ಬಟ್ಟೆಗೆ ಹೊಡೆದು ನೋಡಿ, ಅಲ್ಲಿ ಮೂಡಿದ ಚಿತ್ತಾರವನ್ನು ಮೃತರ ಉಡುಪಿನ ಮೇಲಿನದರೊಡನೆ ಹೋಲಿಸಿಯೇ ಅಭಿಪ್ರಾಯ ಕೊಡುತ್ತಾನೆ. ಗುಂಡು ಹಾರಿದ್ದು ಕಾದಾಟದ ನಡುವೆ ಆಕಸ್ಮಿಕವಾಗಿಯೋ, ದೂರದಿಂದ ಗುರಿಯಿಟ್ಟೋ ಎಂಬ ವಿವಾದ ಇದರಿಂದ ಎಷ್ಟೋ ಸಲ ತಿಳಿಯಾಗುತ್ತದೆ. ಪೊಲೀಸರ ಗುಂಡಿಗೆ ಜೀವ ಹೋದ ಪ್ರಸಂಗಗಳಲ್ಲಿ, ಅನ್ವಯವಾಗುವಲ್ಲೆಲ್ಲ, ಮದ್ದಿನ ಶೇಷದ ಪರೀಕ್ಷೆ ನಡೆಯಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ನಿರ್ದೇಶಿಸಿತು.

ದೂರದ ಪ್ರಶ್ನೆ ಹೀಗೆ ಅಳತೆಗೆ ಸಿಕ್ಕುವಂಥದು. ಹೊಡೆದವರು ಯಾರೆಂಬ ಪ್ರಶ್ನೆ ಹಾಗಲ್ಲ. ಕೈಗೆ ಕರಗಿಸಿದ ಮೇಣ ಸವರಿ ನೈಟ್ರೇಟನ್ನು ಹುಡುಕುವ ಪರೀಕ್ಷೆಯೊಂದು 1930ರ ದಶಕದಲ್ಲಿ ಬಳಕೆಗೆ ಬಂದಿತು. ಹೊಗೆಸೊಪ್ಪನ್ನೋ ರಸಗೊಬ್ಬರವನ್ನೋ ಮುಟ್ಟಿದ ಕೈಯೂ ಅದೇ ನೀಲಿ ಬಣ್ಣ ತೋರುತ್ತಿದ್ದುದರಿಂದ ಅದನ್ನು ಮುಂದೆ ಕೈಬಿಡಬೇಕಾಯಿತು. ಇಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದಿನಿಂದ ಹುಟ್ಟುವ, ಸೀಸ, ಬೇರಿಯಂ, ಆಂಟಿಮನಿಗಳು ಬೆರೆತ ಕಣಗಳನ್ನು ಒಂದೊಂದಾಗಿ ಗುರುತಿಸಬಲ್ಲದು. ಆದರೆ ಕಣದ ಕುಲ ತಿಳಿದ ಮಾತ್ರಕ್ಕೆ ಅದು ಬಂದ ದಾರಿ ತಿಳಿಯದು. ಹೊಡೆದವನ ಕೈಯಿಂದ ಅದು ಕೆಲವೇ ಗಂಟೆಗಳಲ್ಲಿ ಉದುರಿ ಹೋಗಬಹುದು. ಹೊಡೆಯದವನ ಅಂಗಿಗೆ ಮತ್ತೊಬ್ಬರ ಸ್ಪರ್ಶದಿಂದ ಅಂಟಬಹುದು.

ಇದರ ಬೆಲೆಯೇನೆಂಬುದನ್ನು ಲಂಡನ್ನಿನ ಒಂದು ಪ್ರಕರಣ ತೋರಿಸಿಕೊಟ್ಟಿದೆ. 1999ರ ಏಪ್ರಿಲ್ 26ರಂದು ಬಿಬಿಸಿಯ ಪ್ರಸಿದ್ಧ ನಿರೂಪಕಿ ಜಿಲ್ ಡ್ಯಾಂಡೊ ತಮ್ಮ ಮನೆಯ ಹೊಸ್ತಿಲಲ್ಲೇ ಗುಂಡಿಗೆ ಬಲಿಯಾದರು. ಪಿಸ್ತೂಲನ್ನು ತಲೆಗೆ ಒತ್ತಿ ಹಿಡಿದು ಹೊಡೆದದ್ದೆಂದು ಗಾಯವೇ ಸಾರಿತು. ಹಿಡಿದವರು ಯಾರೆಂಬುದನ್ನು ಅದು ಹೇಳಲಿಲ್ಲ. ಆಯುಧವೂ ಸಿಗಲಿಲ್ಲ. ವರ್ಷ ಕಳೆದ ಮೇಲೆ ವಶಪಡಿಸಿಕೊಂಡ ಬ್ಯಾರಿ ಜಾರ್ಜ್ ಎಂಬಾತನ ಕೋಟಿನ ಜೇಬಿನಲ್ಲಿ ಮದ್ದಿನ ಶೇಷದ ಒಂದೇ ಒಂದು ಕಣ ಕಂಡಿತು. ಅದರ ಗಾತ್ರ ಮಿಲಿಮೀಟರಿನ ಸುಮಾರು ನೂರರಲ್ಲೊಂದು ಪಾಲು. 2001ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾದಾಗ ಆ ಕಣ ಪ್ರಮುಖ ಸಾಕ್ಷ್ಯಗಳಲ್ಲೊಂದಾಗಿತ್ತು. ಅದು ಕೊಲೆಯ ಪಿಸ್ತೂಲಿನಿಂದ ಬಂದಿರುವ ಸಂಭವ ಎಷ್ಟೋ ಬೇರೆಲ್ಲಿಂದಲೋ ಬಂದಿರುವ ಸಂಭವವೂ ಅಷ್ಟೇ ಎಂಬ ಮಾತು ಆಗಿನ ಜ್ಯೂರಿಗೆ ಸ್ಪಷ್ಟವಾಗಿ ತಿಳಿದಿರಲಿಲ್ಲವೆಂದು 2007ರಲ್ಲಿ ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. 2008ರ ಮರುವಿಚಾರಣೆಯಲ್ಲಿ ಆ ಕಣಕ್ಕೆ ಸ್ಥಾನವಿರಲಿಲ್ಲ. ಎಂಟು ವರ್ಷಗಳ ಬಂಧನದ ತರುವಾಯ ಜಾರ್ಜ್ ನಿರ್ದೋಷಿಯೆಂದು ಬಿಡುಗಡೆ ಹೊಂದಿದ. ಡ್ಯಾಂಡೊ ಅವರ ಕೊಲೆಗಾರ ಇಂದಿಗೂ ಪತ್ತೆಯಾಗಿಲ್ಲ.

ಇಲ್ಲಿ ಸೂಕ್ಷ್ಮದರ್ಶಕ ಸುಳ್ಳಾಡಲಿಲ್ಲ. ಕಣ ಇದ್ದದ್ದು ನಿಜ. ಆರೋಪಿ ನಿರಪರಾಧಿಯಾಗಿದ್ದರೂ ಈ ಸಾಕ್ಷ್ಯ ದೊರೆಯುವ ಸಂಭವವೆಷ್ಟು ಎಂಬ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ಸಿಗದೆ ಹೋದದ್ದೇ ಅನರ್ಥಕ್ಕೆ ಮೂಲವಾಯಿತು. ತಜ್ಞರನ್ನು ಸ್ಥಳಕ್ಕೆ ಕಳುಹಿಸುವುದು ಶಾಸನದ ಕೆಲಸ. ಅವರು ತಂದ ವರದಿಯ ಮುಂದೆ ಈ ಪ್ರಶ್ನೆಯನ್ನಿಡುವುದು ವಕೀಲರ, ನ್ಯಾಯಾಧೀಶರ ಹೊಣೆ. ತೀರ್ಪಿಗೆ ಮುನ್ನವೇ ತೀರ್ಪು ಕೊಡಲು ಆತುರಪಡುವ ನಮ್ಮೆಲ್ಲರ ಹೊಣೆಯೂ ಹೌದು.